ಮೊದಲು ಮನಸ್ಸು ಹೋಯಿತು, ಆಮೇಲೆ ಮಕ್ಕಳುಮರಿ: ದಶಪುರದ ರೇಷ್ಮೆ ನೇಕಾರರು ಊರು ಆರಿಸಿದ ಬಗೆ

ಒಂದು ಶಾಸನ ಕೈಗೆ ಸಿಕ್ಕರೆ ನಾವು ಮೊದಲು ಹುಡುಕೋದು ಅರಸನ ಹೆಸರು, ಆಮೇಲೆ ಕಾಲ, ಆಮೇಲೆ ದಾನದ ವಿವರ. ದಾನ ಕೊಟ್ಟವರು ಆ ಊರಿನವರೋ, ಬೇರೆ ಕಡೆಯಿಂದ ಬಂದು ನೆಲೆಸಿದವರೋ ಅನ್ನೋ ಪ್ರಶ್ನೆ ಏಳೋದೇ ಕಡಿಮೆ. ಬಂದವರೇ ಆಗಿದ್ದರೂ ಹುಟ್ಟೂರು ಬಿಟ್ಟು ಸಂಸಾರ ಕಟ್ಟಿಕೊಂಡು ಇದೇ ಊರಿಗೆ ಯಾಕೆ ಬಂದರು ಅನ್ನೋದನ್ನು ಕಲ್ಲಿನ ಮೇಲೆ ಬರೆಸಿದವರು ತುಂಬಾ ಅಪರೂಪ. ಆ ಅಪರೂಪದ ಸಾಲಿನಲ್ಲಿ ಮೊದಲು ನಿಲ್ಲೋದು ಮಧ್ಯಪ್ರದೇಶದ ಮಂದಸೋರಿನ ರೇಷ್ಮೆ ನೇಕಾರರ ಶಾಸನ.

ಮಂದಸೋರ್ ಅಂದರೆ ಹಳೆಯ ದಶಪುರ. ಸುತ್ತಲಿನ ಹಳ್ಳಿಗರ ಬಾಯಲ್ಲಿ ಅದು ದಸೋರ್ ಆಗಿ ಉಳಿದಿತ್ತು. ಕಾಳಿದಾಸನ ‘ಮೇಘದೂತ’ದ ಮೋಡ ಹಾದುಹೋಗುವ ಊರುಗಳಲ್ಲಿ ಇದೂ ಒಂದು. ಶಾಸನದ ಕಲ್ಲು ಸಿಕ್ಕಿದ್ದು ಶಿವನಾ ನದಿಯ ಘಟ್ಟದ ಮೆಟ್ಟಿಲುಗಳಲ್ಲಿ. ಪ್ರಕಟಿಸಿದವರು ಜೆ. ಎಫ್. ಫ್ಲೀಟ್. ಕನ್ನಡ ನಾಡಿನ ರಾಜವಂಶಗಳ ಬಗ್ಗೆ ಬರೆದ ಅದೇ ಫ್ಲೀಟರು, ನಮಗೆ ಹಳೆಯ ಪರಿಚಯ. 1888ರಲ್ಲಿ ಬಂದ ಗುಪ್ತ ಶಾಸನಗಳ ಸಂಪುಟದಲ್ಲಿ ಇದು 18ನೆಯದು. ಸಾಲು 24, ಪದ್ಯ 44, ಭಾಷೆ ಸಂಸ್ಕೃತ, ಬರೆದ ಕವಿ ವತ್ಸಭಟ್ಟಿ. ಬರೆಸಿದ್ದು ಅರಸನೂ ಅಲ್ಲ, ಮಂತ್ರಿಯೂ ಅಲ್ಲ. ಒಂದು ಶ್ರೇಣಿ, ಅಂದರೆ ಕಸುಬುದಾರರ ಸಂಘ. ಶಾಸನ ಇವರನ್ನು ಕರೆಯುವ ಹೆಸರು ‘ಪಟ್ಟವಾಯ’. ಪಟ್ಟ ಅಂದರೆ ರೇಷ್ಮೆ ಬಟ್ಟೆ, ಅದನ್ನು ನೇಯುವವರು ಪಟ್ಟವಾಯರು. ನಮ್ಮ ಪಟ್ಟೆಸೀರೆ, ಪಟ್ಟೆಗಾರ ಅನ್ನುವ ಮಾತುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಪದ ಪರಕೀಯ ಅನ್ನಿಸೋದಿಲ್ಲ.

ಶಾಸನದಲ್ಲಿ ಎರಡು ಕಾಲಗಳಿವೆ. ಮಾಲವ ಗಣದ 493ನೇ ವರ್ಷ, ಅಂದರೆ ಕ್ರಿ.ಶ. 436ರ ಪುಷ್ಯ ಮಾಸದಲ್ಲಿ ಈ ನೇಕಾರರು ಸೂರ್ಯ ದೇವಾಲಯ ಕಟ್ಟಿಸಿದರು. ಆಗ ಸಾರ್ವಭೌಮ ಗುಪ್ತರ ಕುಮಾರಗುಪ್ತ, ದಶಪುರವನ್ನು ಆಳುತ್ತಿದ್ದವನು ವಿಶ್ವವರ್ಮನ ಮಗ ಬಂಧುವರ್ಮ. ಮುಂದೆ ದೇವಾಲಯದ ಒಂದು ಭಾಗ ಶಿಥಿಲವಾಯಿತು. ಮಾಲವ 529ರಲ್ಲಿ, ಅಂದರೆ ಕ್ರಿ.ಶ. 473ರ ಹೊತ್ತಿಗೆ, ಫಾಲ್ಗುಣದಲ್ಲಿ ಅದೇ ಶ್ರೇಣಿ ಜೀರ್ಣೋದ್ಧಾರ ಮಾಡಿಸಿತು. ಈಗ ನಾವು ಓದುವ ಕಾವ್ಯ ಹುಟ್ಟಿದ್ದು ಈ ಎರಡನೇ ಸಂದರ್ಭದಲ್ಲಿ. ಹಾಗಾಗಿ ವಲಸೆಯ ಕತೆಯನ್ನು ಹೇಳುತ್ತಿರೋದು ಗಾಡಿಯಿಂದ ಇಳಿದ ದಿನದ ಜನ ಅಲ್ಲ. ಬಂದು ನೆಲೆಸಿ, ದುಡಿದು, ಗುಡಿ ಕಟ್ಟಿ, ಅದು ಹಳತಾಗಿ ರಿಪೇರಿ ಮಾಡಿಸುವಷ್ಟು ಕಾಲ ಬಾಳಿದ ಜನ. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇವರು ಬಂದದ್ದು ಲಾಟ ದೇಶದಿಂದ. ಅಂದರೆ ಇಂದಿನ ದಕ್ಷಿಣ ಗುಜರಾತು, ಭರೂಚ್, ಸೂರತ್ ಕಡೆ. ಭರೂಚಿನಿಂದ ಮಂದಸೋರಿಗೆ ನೇರ ಗೆರೆ ಎಳೆದರೂ ಮುನ್ನೂರು ಕಿಲೋಮೀಟರಿಗೆ ಮೇಲಾಗುತ್ತದೆ. ಅದೂ ಕಡಲ ಬಯಲಿನಿಂದ ಮಾಳ್ವದ ಪ್ರಸ್ಥಭೂಮಿಗೆ ಹತ್ತಬೇಕು. ದಾರಿಯ ಕಷ್ಟ ಬಿಡುವಿಲ್ಲದ್ದು ಅಂತ ಶಾಸನವೇ ಒಪ್ಪಿಕೊಳ್ಳುತ್ತದೆ. ಆ ಕಷ್ಟವನ್ನು ಲೆಕ್ಕಕ್ಕೆ ಇಡದೆ, ಮೊದಲು ಮನಸ್ಸಿನಿಂದ ದಶಪುರಕ್ಕೆ ಬಂದರಂತೆ, ಆಮೇಲೆ ಮಕ್ಕಳು, ಬಂಧುಗಳನ್ನು ಕೂಡಿಕೊಂಡು ಮೈಯಿಂದ ಬಂದರಂತೆ. ಮನೆ ಬದಲಾಯಿಸಿದ ಯಾರಿಗೇ ಆಗಲಿ ಈ ಕ್ರಮ ಗೊತ್ತಿರುತ್ತದೆ. ಸಾಮಾನು ಕಟ್ಟೋದಕ್ಕೆ ಎಷ್ಟೋ ತಿಂಗಳು ಮೊದಲೇ ಮನಸ್ಸು ಅಲ್ಲಿಗೆ ಹೋಗಿ ಕೂತಿರುತ್ತದೆ.

ಇನ್ನೊಂದು ಸಣ್ಣ ವಿಷಯ. ಬಿಟ್ಟು ಬಂದ ನಾಡನ್ನು ಇವರು ಬೈಯೋದಿಲ್ಲ. ಹೂವಿನ ಭಾರಕ್ಕೆ ಬಾಗಿದ ಮರಗಳು, ದೇವಾಲಯಗಳು, ಸಭೆಗಳು, ವಿಹಾರಗಳು, ಹಸಿರು ಹೊದ್ದ ಬೆಟ್ಟಗಳು ಅಂತ ಲಾಟವನ್ನು ಹೊಗಳಿಯೇ ಕಾವ್ಯ ಮುಂದೆ ಹೋಗುತ್ತದೆ. ಬರ ಬಂತು, ವ್ಯಾಪಾರ ಬಿತ್ತು, ದೊರೆ ಪೀಡಿಸಿದ ಅನ್ನುವ ಒಂದು ಮಾತೂ ಇಲ್ಲ. ರೋಮಿನ ಜೊತೆಗಿನ ವ್ಯಾಪಾರ ಕುಸಿದು ಪಶ್ಚಿಮ ಕರಾವಳಿಯ ಕಸುಬುದಾರರು ಒಳನಾಡಿಗೆ ಸರಿದರು ಅನ್ನುವ ವಾದವನ್ನು ಇತಿಹಾಸಕಾರರು ಮುಂದಿಟ್ಟಿದ್ದಾರೆ. ಇರಬಹುದು. ಆದರೆ ಅದು ಕಲ್ಲಿನ ಹೊರಗಿನ ವಾದ. ಕಲ್ಲು ಕೊಡುವ ಕಾರಣ ಒಂದೇ, ಅದೂ ಒಂದೇ ಸಮಾಸದಲ್ಲಿ: ‘ದೇಶಪಾರ್ಥಿವಗುಣ’ಗಳಿಗೆ ಮನಸೋತು ಬಂದೆವು ಅಂತ.

ಈ ಸಮಾಸವನ್ನು ಹೇಗೆ ಬಿಡಿಸಬೇಕು? ಹೈಸ್ಕೂಲಿನ ವ್ಯಾಕರಣ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ ನೋಡಿ. ತತ್ಪುರುಷವಾಗಿ ಬಿಡಿಸಿದರೆ ‘ಆ ದೇಶದ ಅರಸರ ಗುಣಗಳು’. ಫ್ಲೀಟರು ಹೀಗೇ ಅನುವಾದಿಸಿದರು, ಬಹುಪಾಲು ಪುಸ್ತಕಗಳಲ್ಲಿ ನೀವು ಓದೋದೂ ಇದನ್ನೇ. ಹಾಗೆ ಓದಿದರೆ ನೇಕಾರರು ಬಂದದ್ದು ಒಳ್ಳೆಯ ದೊರೆಯನ್ನು ನೋಡಿ, ಊರು ನೆಪ ಮಾತ್ರ. ಆದರೆ ಮೊದಲ ಎರಡು ಪದಗಳನ್ನು ದ್ವಂದ್ವವಾಗಿ ಹಿಡಿದರೆ ‘ದೇಶದ ಮತ್ತು ಅರಸನ ಗುಣಗಳು’ ಅಂತ ಆಗುತ್ತದೆ. ವ್ಯಾಕರಣ ಎರಡಕ್ಕೂ ಒಪ್ಪುತ್ತದೆ. ಎರಡನೆಯದನ್ನು ಹಿಡಿದರೆ ಇಡೀ ವಲಸೆಯ ಕತೆ ಬೇರೆಯಾಗಿ ಕಾಣುತ್ತದೆ. ಊರನ್ನೂ ತೂಗಿ, ಆಳುವವನನ್ನೂ ತೂಗಿ ತೆಗೆದುಕೊಂಡ ತೀರ್ಮಾನ ಅದು. ನನಗೆ ಸರಿ ಅನ್ನಿಸೋದು ಈ ಓದು. ಯಾಕೆ ಅಂತ ಹೇಳ್ತೀನಿ.

ಸಮಾಸ ಮುಗಿದ ಕೂಡಲೇ ಕವಿ ಅರಸನ ಕಡೆ ತಿರುಗೋದಿಲ್ಲ, ಊರಿನ ಕಡೆ ತಿರುಗುತ್ತಾನೆ. ಸುಮಾರು ಒಂಬತ್ತು ಪದ್ಯ ಬರೀ ದಶಪುರ. ತಾವರೆ, ಹಂಸಗಳಿಂದ ತುಂಬಿದ ಕೆರೆಗಳು. ಹೂ ಬಿಟ್ಟ ಮರಗಳ ತೋಟಗಳು. ಕೈಲಾಸದ ಶಿಖರದ ಹಾಗೆ ಬೆಳ್ಳಗೆ ಎದ್ದು ನಿಂತ ಮಾಳಿಗೆ ಮನೆಗಳು, ಗೋಡೆಗಳ ಮೇಲೆ ಚಿತ್ರ, ಒಳಗಿನಿಂದ ಸಂಗೀತ. ಊರನ್ನು ಎರಡು ಹೊಳೆಗಳು ತಬ್ಬಿಕೊಂಡಿವೆ, ಮನ್ಮಥನನ್ನು ಅವನ ಇಬ್ಬರು ಹೆಂಡಿರು ತಬ್ಬಿದ ಹಾಗೆ. ಅರಸರ ಹೊಗಳಿಕೆ ಬರೋದು ಇದೆಲ್ಲ ಆದ ಮೇಲೆ, ದೇವಾಲಯದ ಕಾಲ ಹೇಳುವ ಸಂದರ್ಭದಲ್ಲಿ.

‘ನಗರ ವರ್ಣನೆ ಅಷ್ಟಾದಶ ವರ್ಣನೆಗಳಲ್ಲಿ ಒಂದು ಅಲ್ವಾ, ಎಲ್ಲ ಕವಿಗಳೂ ಮಾಡ್ತಾರೆ’ ಅಂತ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಂಸ, ತಾವರೆ, ಕೈಲಾಸ ಎಲ್ಲವೂ ಕಾವ್ಯದ ಮಾಮೂಲಿ ಸಾಮಾನುಗಳೇ. ಅದಕ್ಕೇ ಈ ಶಾಸನವನ್ನು ಒಂಟಿಯಾಗಿ ಓದಬಾರದು. ಅದೇ ವಿಶ್ವವರ್ಮನ ಕಾಲದ ಇನ್ನೊಂದು ಕಲ್ಲು ಗಂಗಧಾರದಲ್ಲಿದೆ, ಇಂದಿನ ರಾಜಸ್ಥಾನದ ಝಾಲಾವಾಡ ಜಿಲ್ಲೆಯಲ್ಲಿ. ಕಾಲ ಮಾಲವ 480, ಅಂದರೆ ಕ್ರಿ.ಶ. 423. ಮಂತ್ರಿ ಮಯೂರಾಕ್ಷಕನ ಧರ್ಮಕಾರ್ಯಗಳ ದಾಖಲೆ ಅದು. ಅಲ್ಲಿ ಗರ್ಗರಾ ನದಿಯ ದಡದ ಊರಿಗೆ ಏನೇನು ಆಯಿತು ಅನ್ನುವ ಪಟ್ಟಿ ಇದೆ: ನೀರಾವರಿ ಬಾವಿಗಳು, ಕೆರೆಗಳು, ಗುಡಿಗಳು, ಕುಡಿಯುವ ನೀರಿನ ಬಾವಿಗಳು, ತೋಟಗಳು, ಸೇತುವೆಗಳು. ದಶಪುರದ ಕಾವ್ಯ ‘ಗುಣ’ ಅಂತ ಒಂದೇ ಪದದಲ್ಲಿ ಹೇಳಿದ್ದನ್ನು ಗಂಗಧಾರದ ಕಲ್ಲು ಬಿಡಿಸಿ ಹೇಳುತ್ತದೆ. ಅರಸನ ಗುಣ ಅಂದರೆ ಬರೀ ಶೌರ್ಯ, ಔದಾರ್ಯ ಅಲ್ಲ, ಊರಿಗೆ ನೀರು ಬರೋದೂ ಅದರಲ್ಲಿ ಸೇರಿದೆ. ಹಾಗೆ ನೋಡಿದರೆ ದೇಶದ ಗುಣ, ಅರಸನ ಗುಣ ಅನ್ನೋದನ್ನು ಬೇರೆ ಮಾಡೋದೂ ಕಷ್ಟವೇ.

ನೀರಿನ ಮಾತು ಬಂದದ್ದರಿಂದ ಒಂದು ಊಹೆ, ಊಹೆ ಅಂತಲೇ ತೆಗೆದುಕೊಳ್ಳಿ. ರೇಷ್ಮೆ ಕಸುಬಿಗೆ ನೀರು ಬೇಕೇ ಬೇಕು. ನೂಲಿನ ಅಂಟು ಬಿಡಿಸೋದಕ್ಕೆ ಕುದಿಸಬೇಕು, ಬಣ್ಣ ಹಾಕಬೇಕು, ಮತ್ತೆ ಮತ್ತೆ ತೊಳೆಯಬೇಕು. ದಶಪುರದ ನೇಕಾರರು ಹೆಮ್ಮೆಪಡೋದು ಬಣ್ಣಬಣ್ಣದ ರೇಷ್ಮೆಯ ಬಗ್ಗೆ. ಮುಟ್ಟಿದರೆ ಹಿತ, ಕಣ್ಣಿಗೆ ಹಬ್ಬ, ಭೂಮಿಯನ್ನೇ ನಾವು ಅದರಿಂದ ಅಲಂಕರಿಸಿದ್ದೇವೆ ಅನ್ನುತ್ತಾರೆ. ಅಂಥವರ ಕಣ್ಣಿಗೆ ಎರಡು ಹೊಳೆ, ಹಲವು ಕೆರೆ ಇರುವ ಊರು ಬರೀ ಉಪಮೆಯ ಸಾಮಗ್ರಿಯಾಗಿ ಕಂಡಿರಲಾರದು.

ಗಿರಾಕಿಯ ಲೆಕ್ಕವೂ ಇದೆ. ರೇಷ್ಮೆ ಹಳ್ಳಿಯ ಸಂತೆಯಲ್ಲಿ ಹೊಟ್ಟೆ ತುಂಬಿಸುವ ಸರಕಲ್ಲ. ಅರಮನೆ ಬೇಕು, ಮಾಳಿಗೆ ಮನೆಗಳ ಸಿರಿವಂತರು ಬೇಕು. ಕಾವ್ಯದ ನಡುವೆ ಒಂದು ಪದ್ಯ ಬರುತ್ತದೆ, ಓದಿದರೆ ನಗು ಬರುತ್ತದೆ. ಹೆಣ್ಣಿಗೆ ಯೌವನ, ಕಾಂತಿ ಎಷ್ಟೇ ಇರಲಿ, ಚಿನ್ನದ ಹಾರ, ತಾಂಬೂಲ, ಹೂವು ಏನೇ ಇರಲಿ, ರೇಷ್ಮೆಯ ಜೋಡಿ ವಸ್ತ್ರ ಉಡುವ ತನಕ ಅವಳು ನಲ್ಲನನ್ನು ಕಾಣಲು ಹೋಗೋದೇ ಇಲ್ಲವಂತೆ! ದೇವಾಲಯದ ಶಾಸನದಲ್ಲಿ ಸೀರೆ ಅಂಗಡಿಯ ಜಾಹೀರಾತು. ಹೆಣ್ಣು ಈ ಶಾಸನದಲ್ಲಿ ಎದ್ದು ಕಾಣೋದು ಉಡುವವಳಾಗಿ ಮಾತ್ರ ಅನ್ನೋದನ್ನೂ ಗಮನಿಸಿ. ಇಂದಿಗೂ ನಮ್ಮ ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತೋದು ಹೆಚ್ಚಾಗಿ ಹೆಂಗಸರೇ. ದಶಪುರಕ್ಕೆ ಬಂದವರ ಪಟ್ಟಿಯಲ್ಲಿ ಮಕ್ಕಳು, ಬಂಧುಜನ ಅಂತ ಇದೆ. ಅವರಲ್ಲಿ ಅರ್ಧ ಮಂದಿಯ ಕೈಗೆಲಸ ‘ಬಂಧು’ ಅನ್ನುವ ಪದದೊಳಗೆ ಅಡಗಿ ಹೋಗಿದೆ.

ಸರಿ, ಒಂದು ಇಡೀ ಶ್ರೇಣಿ ಊರು ಬಿಡೋದು ಅಂದರೆ ಎಂಥ ಕೆಲಸ? ಇದಕ್ಕೆ ನಾಸಿಕದ ಗುಹೆಗಳ ಕಡೆ ಒಮ್ಮೆ ನೋಡಬೇಕು. ಕೆಲವು ಶತಮಾನ ಹಿಂದೆ, ಕ್ಷತ್ರಪ ನಹಪಾನನ ಅಳಿಯ ಉಷವದಾತ ಗೋವರ್ಧನ ಎಂಬ ಊರಿನ ನೇಕಾರರ ಎರಡು ಶ್ರೇಣಿಗಳಲ್ಲಿ ಹಣ ಇಟ್ಟಿದ್ದ. ಒಂದರಲ್ಲಿ 2000 ಕಾರ್ಷಾಪಣ, ಇನ್ನೊಂದರಲ್ಲಿ 1000. ಬಡ್ಡಿಯಿಂದ ಭಿಕ್ಷುಗಳಿಗೆ ಬಟ್ಟೆಬರೆ, ಇತರ ಖರ್ಚು. ಅಂದರೆ ನೇಕಾರರ ಶ್ರೇಣಿ ಬಟ್ಟೆ ನೇಯುವ ಗುಂಪು ಮಾತ್ರ ಆಗಿರಲಿಲ್ಲ, ಊರಿನ ಬ್ಯಾಂಕೂ ಆಗಿತ್ತು. ಅದೇ ಉಷವದಾತನ ದಾಖಲೆಯಲ್ಲಿ ಭರುಕಚ್ಛ, ದಶಪುರ, ಗೋವರ್ಧನ, ಶೂರ್ಪಾರಕ ಈ ನಾಲ್ಕೂ ಕಡೆ ತಂಗುವ ಛತ್ರಗಳನ್ನು ಕಟ್ಟಿಸಿದ ವಿಷಯ ಬರುತ್ತದೆ. ಲಾಟದ ರೇವು ಭರುಕಚ್ಛ, ಮಾಳ್ವದ ದಶಪುರ ಒಂದೇ ದಾನಿಯ ಪಟ್ಟಿಯಲ್ಲಿ ಅಕ್ಕಪಕ್ಕ ನಿಂತಿವೆ. ನಮ್ಮ ನೇಕಾರರು ಹೆಸರೇ ಕೇಳದ ಊರಿಗೆ ಕಣ್ಣುಮುಚ್ಚಿ ಹೊರಟವರಲ್ಲ. ಆ ಎರಡು ಊರುಗಳ ನಡುವೆ ಜನ ಓಡಾಡಿ ಎಷ್ಟೋ ತಲೆಮಾರು ಆಗಿತ್ತು.

ಹಣ ಇಟ್ಟುಕೊಂಡ ಶ್ರೇಣಿಯೇ ಗಂಟುಮೂಟೆ ಕಟ್ಟಿದರೆ ಏನು ಗತಿ? ಈ ಭಯ ಆಗಿನವರಿಗೂ ಇತ್ತು. ಉತ್ತರ ಪ್ರದೇಶದ ಬುಲಂದಶಹರ ಜಿಲ್ಲೆಯ ಇಂದೋರಿನಲ್ಲಿ ಸಿಕ್ಕ ಸ್ಕಂದಗುಪ್ತನ ಕಾಲದ ತಾಮ್ರಪಟ (ಇದು ಮಧ್ಯಪ್ರದೇಶದ ಇಂದೋರ್ ಅಲ್ಲ, ಹಳೆಯ ಇಂದ್ರಪುರ) ಕ್ರಿ.ಶ. 465ರದು. ದೇವವಿಷ್ಣು ಎಂಬ ಬ್ರಾಹ್ಮಣ ಅಲ್ಲಿನ ಸೂರ್ಯ ದೇವಾಲಯದ ದೀಪಕ್ಕೆ ಗಾಣಿಗರ ಶ್ರೇಣಿಯಲ್ಲಿ ದತ್ತಿ ಇಟ್ಟ. ದಿನಕ್ಕೆ ಇಷ್ಟು ಎಣ್ಣೆ ಕೊಡಬೇಕು. ಅದರ ಜೊತೆಗೆ ಒಂದು ಷರತ್ತು: ಶ್ರೇಣಿ ಈ ಊರು ಬಿಟ್ಟು ಬೇರೆ ಕಡೆ ಹೋದರೂ, ಒಗ್ಗಟ್ಟಾಗಿ ಇರುವ ತನಕ ಈ ಹೊಣೆ ಅದರದೇ. ದಶಪುರದ ನೇಕಾರರು ಗುಡಿ ರಿಪೇರಿ ಮಾಡಿಸುವುದಕ್ಕೆ ಎಂಟು ವರ್ಷ ಮೊದಲಿನ ಮಾತು ಇದು. ಶ್ರೇಣಿ ಊರು ಬದಲಿಸೋದು ಕರಾರಿನಲ್ಲೇ ಬರೆದಿಡುವಷ್ಟು ಸಾಮಾನ್ಯ ಸಂಗತಿಯಾಗಿತ್ತು. ಊರಿಗಿಂತ ಒಗ್ಗಟ್ಟು ಮುಖ್ಯ ಅಂತ ಹಣ ಇಟ್ಟವನಿಗೂ ಗೊತ್ತಿತ್ತು.

ಇದನ್ನು ನಮ್ಮ ಕಡೆಯ ಒಂದು ಕತೆಯ ಜೊತೆ ಇಟ್ಟು ನೋಡಿ. ತಾಳಗುಂದದ ಕಂಬ ಶಾಸನ, ಶಾಂತಿವರ್ಮನ ಕಾಲದ್ದು, ಕುಬ್ಜ ಕವಿಯದು, ವತ್ಸಭಟ್ಟಿಯ ಶತಮಾನದ್ದೇ. ಅದರಲ್ಲಿ ಕದಂಬ ಕುಲದವರ ಮನೆಯ ಹತ್ತಿರದ ಕದಂಬ ಮರದ ನೆನಪು ಇದೆ, ಎಲ್ಲಿಂದಲೋ ಬಂದ ನೆನಪಿಲ್ಲ. ಎಷ್ಟೋ ಶತಮಾನ ಕಳೆದ ಮೇಲೆ ಅದೇ ಊರಿನ ಇನ್ನೊಂದು ಶಾಸನ ವಲಸೆಯ ಕತೆ ಹೇಳುತ್ತದೆ. ಮುಕ್ಕಣ್ಣ ಕದಂಬ ಅಹಿಚ್ಛತ್ರದಿಂದ 32 ಬ್ರಾಹ್ಮಣ ಕುಟುಂಬಗಳನ್ನು ಕರೆತಂದು ಸ್ಥಾಣುಗೂಢದ ಅಗ್ರಹಾರದಲ್ಲಿ ನೆಲೆಗೊಳಿಸಿದ ಅಂತ. ಅದು ಐತಿಹ್ಯ, ಇತಿಹಾಸವಾಗಿ ಹಾಗೇ ನುಂಗಬೇಕಿಲ್ಲ. ಆದರೆ ಕತೆಯ ಆಕಾರ ನೋಡಿ. ಅಲ್ಲಿ ಊರು ಆರಿಸಿದವನು ಅರಸ. ಅಗ್ರಹಾರಗಳಲ್ಲೆಲ್ಲ ನಾವು ಕಾಣುವ ಕ್ರಮ ಇದೇ: ಎಷ್ಟು ವೃತ್ತಿ, ಎಷ್ಟು ಮನೆ, ಯಾವ ಎಲ್ಲೆ ಅನ್ನೋದು ಕೊಡುವವನ ಕೈಯಲ್ಲಿ. ದಶಪುರದ ಶಾಸನದಲ್ಲಿ ನೇಕಾರರಿಗೆ ಭೂಮಿ ಕೊಟ್ಟರು, ಮನೆ ನಿವೇಶನ ಕೊಟ್ಟರು, ಸುಂಕ ಬಿಟ್ಟರು ಅನ್ನುವ ಮಾತೇ ಇಲ್ಲ. ಗುಡಿಯನ್ನೂ ಕಸುಬಿನಿಂದ ಗಳಿಸಿದ ಹಣದಲ್ಲಿ ತಾವೇ ಕಟ್ಟಿಸಿದರು. ಇಲ್ಲಿ ಆರಿಸಿದವರು ಬಂದವರೇ.

ಇನ್ನು ಈ ಶಾಸನದ ಅತಿ ಚರ್ಚಿತ ಭಾಗ. ಬಂದ ಮೇಲೆ ಏನಾಯಿತು? ಕೆಲವರಿಗೆ ಬಿಲ್ವಿದ್ಯೆಯ ಹುಚ್ಚು ಹಿಡಿಯಿತು. ಕೆಲವರು ವಿಚಿತ್ರ ಕತೆಗಳನ್ನು ಬಲ್ಲವರಾದರು, ಕೆಲವರು ಧರ್ಮದ ಮಾತುಕತೆಯಲ್ಲಿ ಮುಳುಗಿದರು. ಕೆಲವರು ಜ್ಯೋತಿಷ ಕಲಿತರು. ಕೆಲವರು ಇಂದಿಗೂ ರಣರಂಗದಲ್ಲಿ ಶತ್ರುಗಳನ್ನು ಸದೆಬಡಿಯುತ್ತಾರೆ. ಕೆಲವರು ತಮ್ಮ ನೇಯ್ಗೆಯಲ್ಲೇ ಮೇಲುಗೈ ಸಾಧಿಸಿದರು. ಆರ್. ಎಸ್. ಶರ್ಮರಂಥ ಇತಿಹಾಸಕಾರರು ಇದನ್ನು ನಗರಗಳ ಅವನತಿಯ ಗುರುತಾಗಿ ಓದಿದರು. ಕಸುಬು ನಡೆಯಲಿಲ್ಲ, ಅದಕ್ಕೇ ನೇಕಾರರು ಬೇರೆ ದಾರಿ ಹಿಡಿದರು ಅಂತ. ಶರ್ಮರ ವಾದ ಒಂದೇ ಶಾಸನದ ಮೇಲೆ ನಿಂತದ್ದಲ್ಲ, ಅಗೆತಗಳ ದೊಡ್ಡ ಆಧಾರ ಅವರಿಗಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಈ ಕಲ್ಲು ಆ ವಾದದ ಭಾರ ಹೊರುತ್ತದೆಯೇ ಅನ್ನೋದು ನನ್ನ ಅನುಮಾನ.

ಕಾರಣ ಸರಳ. ಕಸುಬು ಸತ್ತಿದ್ದರೆ ಆ ಜಾಹೀರಾತಿನ ಪದ್ಯಗಳು ಯಾಕೆ? 436ರಲ್ಲಿ ಕಟ್ಟಿದ ಗುಡಿಯನ್ನು 36 ವರ್ಷದ ನಂತರ ರಿಪೇರಿ ಮಾಡಿಸಲು ದುಡ್ಡು ಎಲ್ಲಿಂದ ಬಂತು? ಆಗಲೂ ಮಾಡಿಸಿದ್ದು ಶ್ರೇಣಿಯ ಹೆಸರಿನಲ್ಲೇ, ಕವಿಗೆ ಬರೆಯಲು ಹೇಳಿದ್ದೂ ಶ್ರೇಣಿಯೇ. ಜ್ಯೋತಿಷಿಯಾದವನೂ, ಸೈನಿಕನಾದವನೂ ಶ್ರೇಣಿಯ ಲೆಕ್ಕದಲ್ಲೇ ಇದ್ದಾರೆ, ಅವರ ಬಗ್ಗೆ ಕಲ್ಲಿಗೆ ಹೆಮ್ಮೆಯಿದೆ, ವಿಷಾದವಿಲ್ಲ. ಇದು ಬೀಳುತ್ತಿರುವ ಸಮುದಾಯದ ದನಿಯಾಗಿ ನನಗೆ ಕೇಳೋದಿಲ್ಲ. ಹೊಸ ಊರಿನಲ್ಲಿ ಬೇರು ಬಿಟ್ಟ ಮನೆತನಗಳ ದನಿ. ಮೊದಲ ತಲೆಮಾರು ಮಗ್ಗದ ಮುಂದೆ ಕೂತಿತು, ಮುಂದಿನ ತಲೆಮಾರಿನಲ್ಲಿ ಕೆಲವರಿಗೆ ಬೇರೆ ಬಾಗಿಲುಗಳು ತೆರೆದವು. ಹಾಗಂತ ನಷ್ಟವೇ ಇಲ್ಲ ಅಂತಲ್ಲ. ಬಿಲ್ಲು ಹಿಡಿದವನ ಮಗನಿಗೆ ಅಜ್ಜನ ನೇಯ್ಗೆಯ ಕೈಚಳಕ ಬರುತ್ತದೆಯೇ? ಅದನ್ನು ಯಾವ ಕಲ್ಲೂ ದಾಖಲಿಸೋದಿಲ್ಲ.

ಮದುರೆಯ ಸೌರಾಷ್ಟ್ರ ನೇಕಾರರು ಈ ಶಾಸನವನ್ನು ತಮ್ಮ ಕುಲದ ಇತಿಹಾಸದ ಮೊದಲ ಪುಟ ಅಂತ ಹೇಳಿಕೊಳ್ಳೋದುಂಟು. ನಡುವೆ ಸಾವಿರ ವರ್ಷದ ಕಂದಕ ಇದೆ, ಅದನ್ನು ಈ ಕಲ್ಲೊಂದರಿಂದ ದಾಟಲಾಗದು. ಲಾಟದ ಜನ ದಕ್ಷಿಣಕ್ಕೆ ಬರುತ್ತಿದ್ದರು ಅನ್ನೋದಕ್ಕಂತೂ ನಮ್ಮಲ್ಲೇ ಸಾಕ್ಷಿ ಇದೆ. 1204ರ ಬೆಳಗಾವಿಯ ರಟ್ಟರ ಶಾಸನಗಳಲ್ಲಿ ಜಿನಾಲಯಕ್ಕೆ ದತ್ತಿ ಬಿಟ್ಟ ವ್ಯಾಪಾರಿಗಳ ನಡುವೆ ಲಾಳರೂ ಮಲೆಯಾಳರೂ ಇದ್ದಾರೆ. ಲಾಳ ಅಂದರೆ ಲಾಟವೇ. ಅವರು ಬೆಳಗಾವಿಯನ್ನು ಯಾಕೆ ಆರಿಸಿದರು ಅಂತ ಆ ಕಲ್ಲುಗಳು ಬಾಯಿ ಬಿಡೋದಿಲ್ಲ, ಯಾವ ಸರಕಿಗೆ ಎಷ್ಟು ಅನ್ನುವ ಲೆಕ್ಕ ಮಾತ್ರ ಕೊಡುತ್ತವೆ.

ಮತ್ತೆ ಆ ಸಮಾಸಕ್ಕೆ ಬರೋಣ. ದ್ವಂದ್ವದ ಪರವಾಗಿ ನನ್ನ ಕೊನೆಯ, ಬಹುಶಃ ಗಟ್ಟಿಯಾದ ಸಾಕ್ಷಿ ಶಾಸನದ ಎರಡನೇ ಭಾಗದಲ್ಲಿದೆ. 436ರ ಗುಡಿಯ ಮಾತು ಹೇಳುವಾಗ ಕುಮಾರಗುಪ್ತ, ವಿಶ್ವವರ್ಮ, ಬಂಧುವರ್ಮ ಎಲ್ಲರೂ ಇದ್ದಾರೆ, ಪದ್ಯದ ಮೇಲೆ ಪದ್ಯ. 473ಕ್ಕೆ ಬಂದಾಗ ಬಹಳ ಕಾಲ ಕಳೆಯಿತು, ಬೇರೆ ಅರಸರು ಬಂದು ಹೋದರು, ಗುಡಿಯ ಒಂದು ಭಾಗ ಬಿರಿಯಿತು ಅಂತ ಒಂದೇ ಉಸಿರಿನಲ್ಲಿ ಮುಗಿಸುತ್ತಾನೆ ಕವಿ. ಆ ‘ಬೇರೆ ಅರಸರು’ ಗುಡಿಗೆ ಹಾನಿ ಮಾಡಿದವರೇ ಅಂತಲೂ ಕೆಲವರು ಅರ್ಥ ಮಾಡಿದ್ದಾರೆ. ಏನೇ ಇರಲಿ, ಆ ವರ್ಷ ಆಳುತ್ತಿದ್ದ ದೊರೆಯ ಹೆಸರನ್ನು ನೇಕಾರರು ಬರೆಸಲೇ ಇಲ್ಲ. 467ರ ಇನ್ನೊಂದು ಮಂದಸೋರ್ ಶಾಸನದಿಂದ ಪ್ರಭಾಕರ ಎಂಬ ಅರಸ ಅಲ್ಲಿದ್ದ ಅಂತ ಗೊತ್ತಾಗುತ್ತದೆ. ಅವನ ದಂಡನಾಯಕ ದತ್ತಭಟ ಸ್ತೂಪದ ಜೊತೆಗೆ ಬಾವಿ, ಅರವಟ್ಟಿಗೆ, ತೋಟ ಮಾಡಿಸಿದ. ಊರಿಗೆ ನೀರು ತರುವ ಕೆಲಸ ದೊರೆಗಳು ಬದಲಾದರೂ ನಿಲ್ಲಲಿಲ್ಲ ಅನ್ನಿ. ಬರೀ ದೊರೆಯ ಗುಣಕ್ಕೆ ಸೋತು ಬಂದವರಾಗಿದ್ದರೆ, ಆ ದೊರೆಯ ವಂಶದ ಕಾಲ ಮುಗಿದಾಗ ಇವರೂ ಹೊರಡಬಹುದಿತ್ತು. ಒಮ್ಮೆ ಹೊರಟು ಬಂದವರಿಗೆ ಇನ್ನೊಮ್ಮೆ ಹೊರಡೋದು ಗೊತ್ತಿಲ್ಲದ ಕೆಲಸ ಅಲ್ಲ. ಇವರು ಹೊರಡಲಿಲ್ಲ. ಬಿರಿದ ಗುಡಿಗೆ ಗಾರೆ ಹಾಕಿಸಿದರು, ಶಿಖರವನ್ನು ಮತ್ತೆ ಬೆಳ್ಳಗೆ ಮಾಡಿಸಿದರು, ಒಬ್ಬ ಒಳ್ಳೆ ಕವಿಯನ್ನು ಹಿಡಿದು ವಸಂತ ಋತುವಿನ ಪದ್ಯ ಬರೆಸಿದರು.

ಮೂಲ ಓದಬೇಕೆನ್ನುವವರು ನಾಲ್ಕನೇ ಪದ್ಯದಿಂದ ಶುರು ಮಾಡಿ, ಮೊದಲ ಮೂರು ಸೂರ್ಯಸ್ತುತಿ. ಸಮಾಸ ಐದನೆಯದರಲ್ಲಿ ಸಿಗುತ್ತದೆ. ನಿಮಗೆ ತತ್ಪುರುಷವೇ ಸರಿ ಅನ್ನಿಸಿದರೆ ಕಾರಣ ಸಮೇತ ಬರೆಯಿರಿ.